ಸತ್ತ ಮೇಲೆ ಮುತ್ತೈದೆ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರಿಗೆ ಅವಳ ಫ್ಲೆಕ್ಸ್ ಕಟ್ಟಿದ್ದಾರೆ. ನಡುವೆ ಬಾಯಿ ತುಂಬ ನಗುವ ಅವಳ ಫೋಟೊ, ಸುತ್ತ ಊರ ಮುಖಂಡರ ಚಿಕ್ಕ ಚಿಕ್ಕ ಮುಖಗಳು, ಕೆಳಗೆ ದಪ್ಪಕ್ಷರದಲ್ಲಿ 'ಮತ್ತೆ ಹುಟ್ಟಿ ಬಾ ಅಕ್ಕ'. ಯಾಕೆ ಹುಟ್ಟಿ ಬರಬೇಕು? ಒಂದು ಸಲ ಹುಟ್ಟಿ ಬಂದದ್ದಕ್ಕೆ ನೀವು ಮಾಡಿದ್ದು ಸಾಲದೇ? ಆ ಚಿಕ್ಕ ಮುಖಗಳಲ್ಲಿ ಅರ್ಧದಷ್ಟು, ಅವಳು ಹೂವಿನ ಬುಟ್ಟಿ ಹೊತ್ತು ಓಡಾಡುವಾಗ ಎದುರು ಸಿಕ್ಕರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದವು. ದಿನಾ ಅಂಗಡಿಗೆ ಹೋಗುವಾಗ ಆ ಫ್ಲೆಕ್ಸ್ ಕೆಳಗೇ ನಾನು ಹಾಯ್ದು ಹೋಗಬೇಕು. ಹೊಟ್ಟೆ ಉರಿಯುತ್ತದೆ.

ನಾನು ಅವಳ ಪಕ್ಕದ ಮನೆಯವಳು. ಎರಡು ಮನೆಗೂ ಒಂದೇ ಗೋಡೆ. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಟಿವಿಯಲ್ಲಿ ಅವಳು ತೊಟ್ಟದ್ದೆಲ್ಲ ನಾನೇ ಹೊಲಿದದ್ದು. ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನೂ ಯಾರಾದರೂ ಫ್ಲೆಕ್ಸ್ ಮಾಡಿಸಿಯಾರು. ಬರೆಯಬೇಕಾದ್ದು ಬೇರೆ ಇದೆ. ಸಾಯುವ ಮುಂಚೆ ಅವಳು ಕೇಳಿಕೊಂಡದ್ದು ಒಂದೇ ಮಾತು: ತನಗೆ ಮಣ್ಣು ಕೊಡುವುದು ಮಗಳು, ಗಂಡ ಅನ್ನಿಸಿಕೊಂಡವನಲ್ಲ. ನಮ್ಮಲ್ಲಿ ಹೂಳುವುದು ರೂಢಿ. ಮೊದಲ ಹಿಡಿ ಮಣ್ಣು ಯಾರ ಕೈಯಿಂದ ಬೀಳುತ್ತದೋ ಸತ್ತವರು ಅವರಿಗೆ ಸೇರಿದವರು ಎಂದು ಲೆಕ್ಕ. ಅಷ್ಟು ಸಣ್ಣ ಆಸೆಗೂ ಈ ಊರು ಅಡ್ಡ ನಿಂತಿತು.

ಭಾನುವಾರ ಸಂಜೆಯ ನಗೆ ಕಾರ್ಯಕ್ರಮದಲ್ಲಿ ಬರುತ್ತಿದ್ದ ಬಸ್ಸಿನ ಅಜ್ಜಿಯನ್ನು ನೀವು ನೋಡಿರಬಹುದು. ಕೊಟ್ಟೂರಲ್ಲಿ ಬುಟ್ಟಿ ಸಮೇತ ಬಸ್ಸು ಹತ್ತಿ, ಸ್ಟಾಪೇ ಇಲ್ಲದ ಹೊಲದ ಹತ್ತಿರ ಇಳಿಸು ಎಂದು ಕಂಡಕ್ಟರನ ಜೊತೆ ಜಗಳ ತೆಗೆದು, ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಇಡೀ ಬಸ್ಸಿನ ಸಂಸಾರವನ್ನೆಲ್ಲ ಬಿಚ್ಚಿಡುವ ಮುದುಕಿ. ಅದು ಅವಳೇ. ಆಗಿನ್ನೂ ಅವಳಿಗೆ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಬೆನ್ನು ಬಗ್ಗಿಸಿ, ಕೆಳದುಟಿ ಒಳಗೆಳೆದುಕೊಂಡು, ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಂಡು ನಿಂತರೆ ಸಾಕು, ಮಾತಾಡುವ ಮುಂಚೆಯೇ ಜನ ನಗುತ್ತಿದ್ದರು.

ಜನ ಏನು ಹೇಳುತ್ತಾರೆ ಗೊತ್ತೇ? ಸ್ಟೇಜಿನ ಹುಚ್ಚು ಹಿಡಿಸಿಕೊಂಡಳು, ಅದಕ್ಕೇ ಗಂಡ ಬಿಟ್ಟು ಹೋದ ಎನ್ನುತ್ತಾರೆ. ಸುಳ್ಳು. ಮೊದಲು ಅವನು ಹೋದ, ಆಮೇಲೆ ಮೈಕು ಬಂತು. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಹರಪನಹಳ್ಳಿಗೆ ಮೆಕ್ಕೆಜೋಳದ ವ್ಯಾಪಾರಕ್ಕೆ ಅಂತ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಇವಳು ನಸುಕಿನಲ್ಲೆದ್ದು ಹಡಗಲಿಗೆ ಹೋಗಿ ಮಲ್ಲಿಗೆ ತಂದು ಕೊಟ್ಟೂರಿನ ಬೀದಿಗಳಲ್ಲಿ ಮಾರತೊಡಗಿದಳು. ಆ ಅಜ್ಜಿಯಂಥವರನ್ನೆಲ್ಲ ಅವಳು ನೋಡಿದ್ದು ಆ ಹಡಗಲಿ ಬಸ್ಸಿನಲ್ಲಿ. ಒಮ್ಮೆ ಕೂಡ್ಲಿಗಿಯ ಮದುವೆಯೊಂದಕ್ಕೆ ಹೂವು ಕೊಡಲು ಹೋದಾಗ ಆರ್ಕೆಸ್ಟ್ರಾದಲ್ಲಿ ಮಾತಾಡಬೇಕಿದ್ದವನು ಬಂದಿರಲಿಲ್ಲ. ಹೂವಿನ ಬುಟ್ಟಿ ಕೆಳಗಿಟ್ಟು ಇವಳೇ ಮೈಕು ಹಿಡಿದಳು. ಮುಂದೆ ಹಗರಿಬೊಮ್ಮನಹಳ್ಳಿ, ಹಡಗಲಿ, ಉಜ್ಜಿನಿ ಎನ್ನದೆ ಎಲ್ಲಿ ಮದುವೆಯಾದರೂ ಇವಳನ್ನು ಕರೆಯತೊಡಗಿದರು. ಅಲ್ಲಿಂದ ಬೆಂಗಳೂರಿನ ಟಿವಿ.

ಟಿವಿಯವರು ಮೊದಲ ದಿನವೇ ಅವಳ ಮಾತು ತಿದ್ದಲು ಹೊರಟರಂತೆ. ಸ್ವಲ್ಪ ನೀಟಾಗಿ ಮಾತಾಡಿ ಮೇಡಂ ಎಂದನಂತೆ ಡೈರೆಕ್ಟರು.

"ನೀಟಾಗೇ ಮಾತಾಡಾಕತ್ತೀನ್ರಿ ಸರ್. ನಿಮಗ ನೀಟಾಗಿ ಕೇಳಸವಲ್ದು" ಅಂದಳಂತೆ ಇವಳು. ಆ ಮಾತಿಗೇ ಸೆಟ್ಟಿನಲ್ಲಿದ್ದವರೆಲ್ಲ ನಕ್ಕು, ಅದನ್ನೇ ಕಾರ್ಯಕ್ರಮಕ್ಕೆ ಹಾಕಿಕೊಂಡರು.

ಊರಿಗೆಲ್ಲ ಅವಳ ನಗು ಗೊತ್ತು. ನನಗೆ ಗೊತ್ತಿರುವುದು ಜಡೆ. ಬೆಂಗಳೂರಲ್ಲಿ ಶೂಟಿಂಗ್ ಎಷ್ಟು ಹೊತ್ತಿಗೆ ಮುಗಿದರೂ ಬಸ್ಸು ಹತ್ತಿ ಬೆಳಗಾಗುವುದರಲ್ಲಿ ಮನೆಯಲ್ಲಿರಬೇಕು. ಮಗಳು ಶಾಲೆಗೆ ಹೋಗುವ ಮುಂಚೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಬೇಕು. ನಾನೇ ಹಾಕುತ್ತೇನೆ, ನೀನು ಮಲಗು ಎಂದರೆ ಕೇಳುತ್ತಿರಲಿಲ್ಲ. ಕಿವಿಯ ಹಿಂದೆ ಮೇಕಪ್ಪಿನ ಬಣ್ಣ ಹಾಗೇ ಇರುತ್ತಿತ್ತು, ಕಣ್ಣು ಕೆಂಪಗೆ ಇರುತ್ತಿದ್ದವು, ಬೆರಳು ಮಾತ್ರ ಸರಸರ ಆಡುತ್ತಿದ್ದವು. ಬೈಯುತ್ತಲೇ ಹಾಕುತ್ತಿದ್ದಳು: ತಲೆ ಎತ್ತು, ಪುಸ್ತಕ ತಗೊಂಡ್ಯಾ, ಡಬ್ಬಿ ತಗೊಂಡ್ಯಾ. ಅಡುಗೆ ಮಾತ್ರ ಅವಳಿಗೆ ಒಲಿಯಲೇ ಇಲ್ಲ. ಅವಳು ತಟ್ಟಿದ ರೊಟ್ಟಿ ಹೆಂಚಿಗೆ ಹಾಕುವ ಮುಂಚೆಯೇ ಹರಿಯುತ್ತಿತ್ತು. ಆ ಹುಡುಗಿಯ ಡಬ್ಬಿಗೆ ರೊಟ್ಟಿ ಹೋದದ್ದು ಹೆಚ್ಚಾಗಿ ನನ್ನ ಒಲೆಯಿಂದ.

ಒಮ್ಮೆ ಶಾಲೆಯ ವಾರ್ಷಿಕೋತ್ಸವದ ದಿನವೇ ಶೂಟಿಂಗ್ ಬಿತ್ತು. ಬರುವುದಿಲ್ಲ ಎಂದು ಫೋನಿನಲ್ಲಿ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ.

"ಸರ್, ನನ್ನ ಮಗಳು ನಾಟಕದಾಗ ಮರ ಆಗ್ಯಾಳ. ರಾಜನ್ನ ನೋಡಾಕ ಅವರಪ್ಪ ಅವರವ್ವ ಎಲ್ಲಾ ಬರ್ತಾರ್ರಿ. ಮರ ನೋಡಾಕ ಯಾರು ಬರ್ತಾರ? ನಾನರ ಹೋಗಬೇಕಲ್ರಿ."

ಹೋದಳು. ಮುಂದಿನ ಸಾಲಿನಲ್ಲಿ ಕೂತು, ಕೈಗೆ ಹಸಿರು ಟೊಂಗೆ ಕಟ್ಟಿಕೊಂಡು ಅಲ್ಲಾಡದೆ ನಿಂತ ಮಗಳಿಗೆ ಇಡೀ ನಾಟಕ ಚಪ್ಪಾಳೆ ಹೊಡೆದಳು. ಒಂದು ಸೀರಿಯಲ್ಲಿನವರು ತಾಯಿ ಪಾತ್ರಕ್ಕೆ ಕರೆದಿದ್ದರು, ಬೆಂಗಳೂರಲ್ಲೇ ಉಳಿಯಬೇಕಿತ್ತು. ಅದನ್ನೂ ಬಿಟ್ಟಳು. "ಅಲ್ಲಕ್ಕಾ, ಮನ್ಯಾಗಿನ ಮಗಳನ್ನ ಬಿಟ್ಟು ಹೋಗಿ ಅಲ್ಲಿ ಯಾರ ಮಗಳಿಗೋ ಅವ್ವ ಆಗ್ಲೇನು?" ಅಂದಳು. ಅವಳ ಜೊತೆ ಶುರು ಮಾಡಿದವರು ಈಗ ಕಾರಿನಲ್ಲಿ ಓಡಾಡುತ್ತಾರೆ.

ಈಗ ಆರತಿಯ ಮಾತು ಹೇಳುತ್ತೇನೆ. ನಮ್ಮೂರ ಸಾಹುಕಾರರ ಮಗಳ ಮದುವೆ. ಟಿವಿಯವಳು ಬರಬೇಕು ಎಂದು ಸಾಹುಕಾರರ ಹೆಂಡತಿಯೇ ಮನೆತನಕ ಬಂದು ಕರೆದಿದ್ದರು. ಇವಳು ಬೆಳಗಿನಿಂದ ಮೈಕು ಹಿಡಿದು ಬೀಗರನ್ನೆಲ್ಲ ನಗಿಸಿದಳು. ಆರತಿಯ ಹೊತ್ತಿಗೆ ಹೆಂಗಸರ ಗದ್ದಲದಲ್ಲಿ ಯಾರೋ ತಟ್ಟೆಯನ್ನು ಇವಳ ಕೈಗೆ ಕೊಟ್ಟರು. ಇವಳು ವಧುವಿನ ಕಡೆ ತಿರುಗಿದಳು, ಅಷ್ಟೇ. ಸಾಹುಕಾರರ ಹೆಂಡತಿ ಬಂದು ನಗುನಗುತ್ತಲೇ ತಟ್ಟೆ ತೆಗೆದುಕೊಂಡರು.

"ನಿನಗ ಮೈಕ್ ಚೆಂದ ಕಾಣ್ತೈತವ್ವ. ಇದು ಮುತ್ತೈದೇರು ಹಿಡಿಯಾದು."

ಇವಳು ಮೈಕು ಬಾಯಿಗಿಟ್ಟು, "ನೋಡ್ರಿ, ಆರತಿ ತಟ್ಟಿಗೂ ರಿಸರ್ವೇಶನ್ ಐತಿ" ಅಂದಳು. ಮಂಟಪವೆಲ್ಲ ನಕ್ಕಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ನನ್ನ ಮಿಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅಕ್ಕಾ, ನಾ ಮುತ್ತೈದಿ ಅಲ್ಲ, ಗಂಡ ಸತ್ತಾಕಿ ಅಲ್ಲ, ಮದುವಿ ಆಗದಾಕಿನೂ ಅಲ್ಲ. ಬಸ್ಸಿನ್ಯಾಗ ಸೀಟು ಇಲ್ದಿದ್ರ ಇಂಜಿನ್ ಮ್ಯಾಲೆ ಕುಂದ್ರಸ್ತಾರ ನೋಡು, ಅಲ್ಲಿ ಕುಂತೀನಿ. ಬುಡ ಸುಡತೈತಿ, ಆದ್ರ ಎಲ್ಲಾರೂ ಕಾಣ್ತಾರ."

ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಅದೇ ಓಣಿಯಲ್ಲಿ ಬಸುರಿಯರಿಗೆ ಉಡಿ ತುಂಬುವಾಗ ಅವಳನ್ನು ಒಂದು ದಿನವೂ ಯಾರೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತು ಸೆಲ್ಫಿ ತೆಗೆಸಿಕೊಳ್ಳುವುದಕ್ಕೆ ಮಾತ್ರ ಎಲ್ಲರೂ ಬರುತ್ತಿದ್ದರು.

ಅಷ್ಟಾದರೂ ಹೇಗೋ ನಡೆಯುತ್ತಿತ್ತು. ಕೆಡಿಸಿದ್ದು ಆ ಕುಟುಂಬ ವಿಶೇಷ ಎಂಬ ಸಂಚಿಕೆ. ಕಲಾವಿದರ ಮನೆಯವರನ್ನೆಲ್ಲ ಕರೆದಿದ್ದೇವೆ, ಮಗಳನ್ನು ಕರೆದುಕೊಂಡು ಬನ್ನಿ ಎಂದಿದ್ದರು ಟಿವಿಯವರು. ಹುಡುಗಿಯ ಜೊತೆಗೆ ನಾನೂ ಹೋದೆ. ಪ್ರೇಕ್ಷಕರ ಸಾಲಿನಲ್ಲಿ ನಮ್ಮಿಬ್ಬರನ್ನು ಮುಂದೆಯೇ ಕೂರಿಸಿದರು. ಅಜ್ಜಿಯ ಆಟ ಮುಗಿದ ಮೇಲೆ ಇದ್ದಕ್ಕಿದ್ದಂತೆ ದೀಪ ಆರಿಸಿದರು. ನಿರೂಪಕ, ನಿಮಗೊಂದು ಸರ್‌ಪ್ರೈಸ್ ಇದೆ ಎಂದ. ಪಿಟೀಲು ಕುಯ್ಯತೊಡಗಿತು. ಹಿಂದಿನ ಬಾಗಿಲು ತೆರೆದು ಹೊಸ ಶರ್ಟು ಹಾಕಿಕೊಂಡು, ಕೈಯಲ್ಲಿ ಒಂದು ಮಾರು ಮಲ್ಲಿಗೆ ಹಿಡಿದುಕೊಂಡು ಬಂದವನು ಯಾರು? ಅವನು. ಅವನ ವಿಳಾಸ ಹುಡುಕಿ ಕೊಟ್ಟವರು ನಮ್ಮೂರವರೇ ಎಂದು ಆಮೇಲೆ ತಿಳಿಯಿತು. ಒಳ್ಳೆಯದಾಗಲಿ ಅಂತ ಕೊಟ್ಟೆವು ಎಂದರು!

ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡಳು. ಬುದ್ಧಿ ತಿಳಿದ ಮೇಲೆ ಅಪ್ಪನ ಮುಖ ಅವಳು ಮೊದಲ ಸಲ ನೋಡಿದ್ದು ಅಲ್ಲಿ, ಅಷ್ಟು ಕ್ಯಾಮೆರಾಗಳ ನಡುವೆ. ಸ್ಟೇಜಿನ ಮೇಲಿದ್ದವಳ ಕಣ್ಣು ತುಂಬಿದವು. ಅದು ಸಿಟ್ಟಿನ ನೀರು, ನನಗೆ ಅವಳ ಕಣ್ಣು ಗೊತ್ತು. ಅವನು ಕೈ ಮುಗಿದು, ತಪ್ಪಾಗಿದೆ ಎಂದ. ನಿರೂಪಕ, ಮಗಳಿಗೋಸ್ಕರ ಕ್ಷಮಿಸಿಬಿಡಿ ಎಂದ. ಅವಳು ಬೆನ್ನು ಬಗ್ಗಿಸಿದಳು. ಕೆಳದುಟಿ ಒಳಗೆಳೆದುಕೊಂಡಳು. ಅಜ್ಜಿಯ ದನಿಯಲ್ಲಿ ಕೇಳಿದಳು:

"ಯಾವೂರಪ್ಪ ನೀನು? ಈ ಬಸ್ಸು ನಿಂದಲ್ಲ. ಇಲ್ಲಿ ಎರಡ ಸೀಟು, ನಂದೊಂದು, ನನ್ನ ಮಗಳದೊಂದು. ನೀ ಇಳ್ದು ಹೋದ ಮ್ಯಾಲೆ ಬಸ್ಸು ಭಾಳ ದೂರ ಬಂದೈತಿ."

ಜನ ಹೋ ಎಂದು ಚಪ್ಪಾಳೆ ಹೊಡೆದರು. ಅವಳು ಬೆನ್ನು ನೆಟ್ಟಗೆ ಮಾಡಿ, ತನ್ನ ಸ್ವಂತ ದನಿಯಲ್ಲಿ ನಿರೂಪಕನಿಗೆ ಹೇಳಿದಳು: "ಸರ್, ಇವರು ನನಗ ಯಾರೂ ಅಲ್ಲ. ಇನ್ನೊಮ್ಮೆ ನನ್ನ ಮಗಳ ಮುಂದ ಇವರನ್ನ ತಂದು ನಿಂದ್ರಸಬ್ಯಾಡ್ರಿ." ಸ್ಟೇಜಿನಿಂದ ಇಳಿದು ಬಂದು ಮಗಳ ಕೈ ಹಿಡಿದು ಹೊರಗೆ ನಡೆದಳು. ಇದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ಭಾನುವಾರ ಟಿವಿಯಲ್ಲಿ ಬಂದದ್ದೇನು? ಅವನು ಬಾಗಿಲಿನಿಂದ ಬರುವುದು. ಇವಳ ಕಣ್ಣು ತುಂಬುವುದು, ಅದನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದರು. ಅವನ ಮುಗಿದ ಕೈ. ಹೆದರಿ ಅಳುತ್ತಿದ್ದ ಮಗಳ ಮುಖ. ಆಮೇಲೆ ಇವಳು ನಗುವುದು. ಆ ನಗು ಮೊದಲಿನ ಆಟದ್ದು, ಅವನು ಬರುವುದಕ್ಕೆ ಎಷ್ಟೋ ಮುಂಚಿನದು. ಕೊನೆಗೆ ನಿರೂಪಕ ಕಣ್ಣೊರೆಸಿಕೊಂಡು, ನಮ್ಮ ವೇದಿಕೆಯಲ್ಲಿ ಒಂದು ಸಂಸಾರ ಒಂದಾಯಿತು ಎಂದ. ಬಸ್ಸಿನ ಮಾತೂ ಇಲ್ಲ, ಚಪ್ಪಾಳೆಯೂ ಇಲ್ಲ.

ಬೆಳಗಾಗುತ್ತಲೇ ಓಣಿಯ ಹೆಂಗಸರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಒಂದಾದಿರಂತೆ, ಒಳ್ಳೆಯದಾಯಿತು ಎಂದರು. ಇಲ್ಲ ಎಂದು ಇವಳು ಎಷ್ಟು ಹೇಳಿದರೂ ನಾಚಿಕೆಯಿಂದ ಹೇಳುತ್ತಿದ್ದಾಳೆ ಎಂದುಕೊಂಡು ನಕ್ಕರು. ಚಾನೆಲ್ಲಿಗೆ ಫೋನ್ ಮಾಡಿದರೆ, ಜನರಿಗೆ ಒಳ್ಳೆಯ ಮೆಸೇಜ್ ಹೋಗಬೇಕಲ್ಲವಾ ಮೇಡಂ ಎಂದರಂತೆ. ಎಂಥ ಮೆಸೇಜು? ಬಿಟ್ಟು ಹೋದವನು ಹೊಸ ಶರ್ಟು ಹಾಕಿಕೊಂಡು ಬಂದರೆ ಸಾಕು ಎಂಬ ಮೆಸೇಜೇ? ಅವಳು ಮತ್ತೆ ಆ ಕಾರ್ಯಕ್ರಮಕ್ಕೆ ಕಾಲಿಡಲಿಲ್ಲ. ಮೊದಲಿನಂತೆ ಮದುವೆ ಮನೆಗಳಿಗೇ ಹೋಗತೊಡಗಿದಳು. ಅಲ್ಲಿ ಯಾರಾದರೂ ನಿಮ್ಮ ಯಜಮಾನರು ಬಂದಿಲ್ಲವಾ ಎಂದರೆ, "ಎಡಿಟಿಂಗ್‌ನ್ಯಾಗ ಅದಾರ್ರಿ" ಎಂದು ಮುಂದೆ ಹೋಗುತ್ತಿದ್ದಳು.

ಹೊಟ್ಟೆನೋವು ಎಂದು ಗುಳಿಗೆ ನುಂಗಿಕೊಂಡೇ ಅವಳು ಒಂದು ಮದುವೆಯ ಕಾಲ ಪೂರ್ತಿ ನಗಿಸಿದಳು. ಮಗಳ ಪಿಯುಸಿ ಪರೀಕ್ಷೆ ಮುಗಿಯಲಿ, ಆಮೇಲೆ ತೋರಿಸುತ್ತೇನೆ ಎಂದಳು. ತೋರಿಸಿದಾಗ ದಾವಣಗೆರೆಯ ಡಾಕ್ಟರು ತಡವಾಯಿತು ಎಂದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಅವಳು ಆ ಮಣ್ಣಿನ ಮಾತು ಕೇಳಿಕೊಂಡದ್ದು. ಮಗಳೂ ಅಲ್ಲೇ ಕಾಲ ಬಳಿ ಕೂತಿದ್ದಳು.

"ಅಕ್ಕಾ, ನಾ ಸತ್ತರ ಅವನು ಬರ್ತಾನ ನೋಡು. ಜನ ಸೇರ್ತಾರಂದ್ರ ಬಂದ ಬರ್ತಾನ. ಅವನ ಕೈ ನನಗ ತಾಗಬಾರ್ದು. ಮಣ್ಣು ಇಕಿ ಕೈಯಿಂದ ಬೀಳಬೇಕು. ಇಕಿ ಬಿಟ್ರ ನನಗ ಯಾರಿಲ್ಲ, ನಾ ಬಿಟ್ರ ಇಕಿಗೂ ಯಾರಿಲ್ಲ. ಅದನ್ನ ಊರು ಒಮ್ಮೆರ ನೋಡ್ಲಿ."

ಆಯಿತು ಎಂದೆ.

ಬಂದ. ಅಂಗಳದಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಡಗಲಿಯಿಂದ ಬಂದ ಮಲ್ಲಿಗೆ ಮಾಲೆ ಹಾಕಿದ್ದೆವು. ಸುತ್ತಲಿನ ತಾಲೂಕುಗಳ ಜನವೆಲ್ಲ ಸೇರಿದ್ದರು. ಯಾರ ಕೈ ನೋಡಿದರೂ ಫೋನು. ಅವನು ಕಾರಿನಿಂದ ಇಳಿದ, ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ. ಓಣಿಯ ಹಿರಿಯರೊಬ್ಬರು, ಎಲ್ಲರೂ ಯಜಮಾನರು ಎಂದು ಕರೆಯುವವರು, ತಾವೇ ಎದ್ದು ಅವನಿಗೆ ದಾರಿ ಮಾಡಿಕೊಟ್ಟರು.

"ಗಂಡ ಇರೂಹಂಗ ಹೋಗ್ಯಾಳ. ಮುತ್ತೈದಿ ಸಾವು, ಪುಣ್ಯವಂತಿ. ಕುಂಕುಮ ಅವನ ಹಚ್ಚಬೇಕು, ಮಣ್ಣೂ ಅವನ ಕೊಡಬೇಕು" ಎಂದರು.

"ಯಾವ ಗಂಡ್ರಿ ಯಜಮಾನ್ರ? ಈಕಿ ಒಲ್ಲೆ ಅಂತ ಹೇಳಿ ಸತ್ತಾಳ. ಮಣ್ಣು ಮಗಳು ಕೊಡ್ತಾಳ" ಎಂದೆ ನಾನು.

"ಸುಮ್ನಿರವ್ವ. ಒಂದಾಗಿದ್ದು ನಾವು ಟಿವಿಯೊಳಗ ನೋಡೀವಿ."

"ನಾ ಅಲ್ಲೇ ಕುಂತಿದ್ದೆ! ಆಕಿ ಏನಂದ್ಲು ಅನ್ನಾದು ನನ್ನ ಕಿವೀಲೆ ಕೇಳೀನಿ!"

"ನೀ ಒಬ್ಬಾಕಿ ಕೇಳಿದ್ದು ಖರೆ, ಇಡೀ ಕರ್ನಾಟಕ ನೋಡಿದ್ದು ಸುಳ್ಳೇನು?"

ಇದಕ್ಕೆ ಏನು ಹೇಳುತ್ತೀರಿ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ಸಾಹುಕಾರರ ಹೆಂಡತಿ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ನಾನು ಅವರ ಕಡೆ ತಿರುಗಿದೆ. "ಅಮ್ಮಾರ, ಇವತ್ತು ಮುತ್ತೈದಿ ಆದ್ಲೇನ್ರಿ ಈಕಿ? ಹಂಗಾದ್ರ ಅವತ್ತು ಆರತಿ ತಟ್ಟಿ ಯಾಕ ಕಸ್ಕೊಂಡ್ರಿ?" ಅವರು, ಸತ್ತ ಮನೆಯಲ್ಲಿ ಹಳೆಯದೆಲ್ಲ ಯಾಕೆ ತೆಗೆಯುತ್ತೀ ಎಂದರು. ಹಳೆಯದಂತೆ! ಬದುಕಿದ್ದಾಗ ಒಂದು ಚಿಟಿಕೆ ಕುಂಕುಮಕ್ಕೂ ಆಗದವಳು ಹೆಣವಾದ ಮೇಲೆ ಮುತ್ತೈದೆಯಾದಳು. ಅದೂ ಅವಳಿಗೋಸ್ಕರ ಅಲ್ಲ, ಅವನಿಗೆ ನಿಲ್ಲಲು ಒಂದು ಜಾಗ ಬೇಕಿತ್ತಲ್ಲ, ಅದಕ್ಕೆ.

ನನ್ನನ್ನು ನಾಲ್ಕು ಜನ ಹೆಂಗಸರು ಪಕ್ಕಕ್ಕೆಳೆದುಕೊಂಡರು. ಅವನು ಸೀರೆ ಬಳೆಯನ್ನು ಅವಳ ಮಡಿಲಲ್ಲಿಟ್ಟು, ಬಗ್ಗಿ ಅವಳ ಹಣೆಯ ವಿಭೂತಿಯ ಮೇಲೆ ಕುಂಕುಮ ಹಚ್ಚಿದ. ಫೋನುಗಳೆಲ್ಲ ಎದ್ದವು. ಸರಿಯಾಗಿ ಕಾಣಲಿ ಎಂದೋ ಏನೋ, ಕೈಯನ್ನು ಬೇಗ ತೆಗೆಯಲೂ ಇಲ್ಲ.

ಮಗಳು ಒಳಗಿನಿಂದ ಬಂದಳು. ಕೈಯಲ್ಲಿ ಒದ್ದೆ ಟವೆಲ್ಲು ಇತ್ತು. ಯಾರನ್ನೂ ನೋಡಲಿಲ್ಲ. ಸೀದಾ ಹೋಗಿ ಅವ್ವನ ಹಣೆಯ ಕುಂಕುಮವನ್ನು ಒರೆಸಿದಳು. ಒಂದು ಸಲ ಒರೆಸಿ, ಟವೆಲ್ಲು ಮಡಚಿ, ಕೆಂಪು ಉಳಿಯದಂತೆ ಮತ್ತೆ ಒರೆಸಿದಳು. ಗಂಡ ಎದುರಿಗೆ ನಿಂತಿರುವಾಗ ಕುಂಕುಮ ಒರೆಸುವುದೆಂದರೆ ನಮ್ಮ ಕಡೆ ಏನರ್ಥ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಹೆಂಗಸರು ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡರು. ಯಜಮಾನರು ಅಬ್ಬರಿಸಿದರು: "ಏ ಹುಡುಗಿ! ನಿಮ್ಮಪ್ಪ ಜೀವಂತ ನಿಂತಾನ!"

"ನೀವು ಟಿವಿಯೊಳಗ ನೋಡೀರಿ" ಎಂದಳು ಅವಳು, ದನಿ ಏರಿಸದೆ. "ನಾ ಮನ್ಯಾಗ ನೋಡೀನಿ. ನಮ್ಮನ್ಯಾಗ ಇವರು ಎಂದೂ ಇರಲಿಲ್ಲ."

ಹೇಳಿ ವಿಭೂತಿ ಗಟ್ಟಿ ತೆಗೆದುಕೊಂಡು ಹಣೆಗೆ ಹೊಸದಾಗಿ ಬಳಿದಳು. ಹಸಿರು ಸೀರೆಯನ್ನೂ ಬಳೆಯನ್ನೂ ತೆಗೆದು ಅವನ ಕೈಗೇ ಇಟ್ಟಳು. ಅವನು ಅದನ್ನು ಹಿಡಿದುಕೊಂಡು ಸುತ್ತ ನೋಡಿದ. ಯಾರೂ ಮುಂದೆ ಬರಲಿಲ್ಲ.

ಹೆಣ್ಣುಮಕ್ಕಳು ಸಮಾಧಿಯ ತನಕ ಬರುವ ರೂಢಿಯಿಲ್ಲ ಎಂದು ಆಮೇಲೂ ಒಬ್ಬಿಬ್ಬರು ಗೊಣಗಿದರು. ಮಗಳು ಬಂದಳು, ಅವಳ ಹಿಂದೆ ನಾನೂ ಹೋದೆ. ಗುಣಿಯಲ್ಲಿ ಕೂರಿಸಿದ್ದಾಯಿತು, ಅಂಗೈಯಲ್ಲಿ ಲಿಂಗ ಇಟ್ಟದ್ದಾಯಿತು. ಮಣ್ಣು ಬೀಳುವ ಮುಂಚೆ ಹೋದವರು ಯಾರು ಎಂದು ಕ್ರಿಯೆ ಮಾಡಿಸುವ ಅಯ್ಯನವರು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಅಯ್ಯನವರು ತಲೆಯೆತ್ತಿ, "ಯಾರ ಹೇಣ್ತಿ ಅಂತ ಅನ್ಲಿ?" ಎಂದು ಕೇಳಿದರು.

ಹಿಂದಿನಿಂದ ಯಜಮಾನರು ಅವನ ಹೆಸರು ಹೇಳಿದರು. ಅವನು ಒಂದು ಹೆಜ್ಜೆ ಮುಂದೆ ಬಂದ. ಹುಡುಗಿ ಅಷ್ಟರಲ್ಲಿ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಿದ್ದಳು.

"ಹೇಣ್ತಿ ಅನಬ್ಯಾಡ್ರಿ ಅಯ್ಯನೋರ. ನಮ್ಮವ್ವ ಅನ್ರಿ."

ಅಯ್ಯನವರು ಯಜಮಾನರನ್ನು ನೋಡಿದರು, ಹುಡುಗಿಯ ಮುಷ್ಟಿಯನ್ನು ನೋಡಿದರು. ಆಮೇಲೆ ದನಿಯೆತ್ತಿ, "ಈ ಹುಡುಗಿ ಅವ್ವ" ಎಂದರು. ಅವಳು ಕೈ ಬಿಚ್ಚಿದಳು.